ಒಂದು ಹಿಡಿ ಬೇಳೆ, ಮೂರು ಪಾವು ಅಕ್ಕಿ

ನಮ್ಮ ಅತ್ತೆ ಬೇಳೆ ಅಳೆಯುವುದು ಕೈಯಲ್ಲಿ. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತುಂಬ ತೊಗರಿಬೇಳೆ ತೆಗೆಯುತ್ತಾರೆ, ತೊಳೆಯುತ್ತಾರೆ, ಕುಕ್ಕರಿಗೆ ಹಾಕುತ್ತಾರೆ. ನಾಲ್ಕು ಜನಕ್ಕೆ ಸಾರು ಆಗುತ್ತದೆ. ಅವರ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ, ನಾನೂ ಇಪ್ಪತ್ತು ವರ್ಷ ಹಾಗೇ ಮಾಡಿದೆ. 2024ರ ಜೂನ್‌ನಲ್ಲಿ ಒಂದು ದಿನ ಆ ಹಿಡಿಯನ್ನ ಅಡುಗೆಮನೆಯ ತಕ್ಕಡಿ ಮೇಲೆ ಸುರಿಸಿ ನೋಡಿದೆ. 55 ಗ್ರಾಂ. ಪಕ್ಕದಲ್ಲೇ ಅಕ್ಕಿ ಪಾವು ಇತ್ತು, ಅದನ್ನೂ ತೂಗಿದೆ. ಒಂದು ಪಾವಿಗೆ 210 ಗ್ರಾಂ ಬಂತು. ನಮ್ಮ ಮನೇಲಿ ದಿನಕ್ಕೆ ಮೂರು ಪಾವು ಅಕ್ಕಿ ಬೇಯುತ್ತಿತ್ತು, ಅಂದ್ರೆ 630 ಗ್ರಾಂ. ಬೆಳಗಿನ ದೋಸೆ ಇಡ್ಲಿ ಲೆಕ್ಕ ಬೇರೆ.

ಅವತ್ತು ಅಲ್ಲೇ ನಿಂತು ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ನಮ್ಮ ಹಿಡಿಯಲ್ಲಿ 12 ಗ್ರಾಂ ಆಯ್ತು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 3 ಗ್ರಾಂ! ಅಕ್ಕಿಯಲ್ಲಿ ನೂರು ಗ್ರಾಂಗೆ 8 ಗ್ರಾಂ ಹತ್ತಿರ ಇರುತ್ತದೆ, ಹಾಗಾಗಿ ನಾವು ತಿನ್ನುತ್ತಿದ್ದ ಅನ್ನದಿಂದಲೇ ತಲೆಗೆ 12 ಗ್ರಾಂ ಬರುತ್ತಿತ್ತು. ಬೇಳೆಯಿಂದ ಪ್ರೋಟೀನ್, ಅನ್ನದಿಂದ ಶಕ್ತಿ ಅಂತ ಶಾಲೆಯಲ್ಲಿ ಓದಿದ್ವಿ ಅಲ್ವಾ? ನಮ್ಮ ಮನೇಲಿ ಎರಡೂ ಅನ್ನದಿಂದಲೇ ಬರುತ್ತಿತ್ತು. ಪ್ರೋಟೀನ್ ಸಾಕಾಗದೆ ಮತ್ತೆ ಮತ್ತೆ ಹಸಿವು, ಆ ಹಸಿವಿಗೆ ಮತ್ತೆ ಅನ್ನ, ಇಲ್ಲವೇ ನಾಲ್ಕು ಗಂಟೆಗೆ ಡಬ್ಬಿಯಿಂದ ಕೋಡುಬಳೆ.

ಆಗ ನನ್ನ ತೂಕ 72 ಕೆ.ಜಿ. ಎತ್ತರ 157 ಸೆಂ.ಮೀ. ಹುಟ್ಟಿದಾಗಿನಿಂದ ಸಸ್ಯಾಹಾರಿ. ಮೊಟ್ಟೆ ಕೂಡ ಇಲ್ಲ. ಎಣ್ಣೆಯಲ್ಲಿ ಕರಿದದ್ದು ದಿನಾ ಮಾಡುವ ಮನೆಯೂ ಅಲ್ಲ. "ಸಾರು ಅನ್ನ ತಿಂದು ಯಾರಾದ್ರೂ ದಪ್ಪ ಆಗ್ತಾರಾ?" ಅಂತ ಎಷ್ಟು ಜನರ ಹತ್ತಿರ ಕೇಳಿದ್ದೆನೋ. ಆಗುತ್ತಾರೆ. ಆ ಸಾರು ನೀರಾಗಿದ್ದು, ಅನ್ನ ಗುಡ್ಡೆಯಾಗಿದ್ದರೆ ಖಂಡಿತ ಆಗುತ್ತಾರೆ.

ಇದಕ್ಕೂ ಮೊದಲು, 2019ರಲ್ಲಿ, ಒಂದು ಡಯಟ್ ಚಾರ್ಟ್ ಹಿಡಿದು ಮೂರು ತಿಂಗಳು ಕಷ್ಟಪಟ್ಟಿದ್ದೆ. ಬೆಳಗ್ಗೆ ನೀರಲ್ಲಿ ಬೇಯಿಸಿದ ಓಟ್ಸ್, ಮಧ್ಯಾಹ್ನ ಎರಡು ಒಣ ಚಪಾತಿ ಮತ್ತು ಬೇಯಿಸಿದ ಬ್ರೊಕೊಲಿ, ರಾತ್ರಿ ಬರೀ ಸೂಪ್. ಹಾಲು ಮೊಸರು ಬೇಡ ಅಂದಿದ್ದರು, ಬಿಟ್ಟೆ. ಆರು ಕೆ.ಜಿ. ಇಳಿಯಿತು. ಜೊತೆಗೆ ಕೂದಲು ಉದುರಿತು, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ12 ತುಂಬಾ ಕಡಿಮೆ ಇತ್ತು. ನಾವು ತಿನ್ನುವ ಕಾಳು ತರಕಾರಿಗಳಲ್ಲಿ ಬಿ12 ಸಿಗುವುದಿಲ್ಲ, ಮೊಟ್ಟೆ ಮಾಂಸ ಮುಟ್ಟದವರಿಗೆ ಹಾಲು ಮೊಸರೇ ಅದರ ದಾರಿ, ಅದನ್ನೇ ಮುಚ್ಚಿಕೊಂಡು ಕೂತಿದ್ದೆ. ಮನೇಲಿ ಎಲ್ಲರೂ ಒಂದು ಅಡುಗೆ ತಿನ್ನುವಾಗ ನಾನೊಬ್ಬಳು ಇನ್ನೊಂದು ತಿನ್ನೋದು ಎಷ್ಟು ದಿನ ನಡೆಯುತ್ತದೆ? ಯುಗಾದಿ ಬಂತು, ಹೋಳಿಗೆ ಬಂತು, ಚಾರ್ಟ್ ಅಲ್ಲಿಗೇ ನಿಂತಿತು. ವರ್ಷದೊಳಗೆ ಹೋದ ಆರು ಕೆ.ಜಿ. ಜೊತೆ ಇನ್ನೊಂದು ಸೇರಿಸಿಕೊಂಡು ವಾಪಸ್ ಬಂತು. ಊಟ ಇಲ್ಲದೆ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕ ವಾಪಸ್ ಬರುವಾಗ ಆ ಸ್ನಾಯು ಅಷ್ಟು ಸುಲಭವಾಗಿ ಬರಲ್ಲ, ಕೊಬ್ಬು ಬರುತ್ತದೆ. ಇದನ್ನ ನನಗೆ ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ತಕ್ಕಡಿ ಹೊರಗೆ ತೆಗೆಯೋಕೆ ಕಾರಣ ಎರಡು. ಒಂದು, 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಭಾರತೀಯರ ಊಟಕ್ಕೆ ಹೊಸ ಮಾರ್ಗಸೂಚಿ ಬಿಡುಗಡೆ ಮಾಡಿದರು. ಅದರಲ್ಲಿ 2000 ಕ್ಯಾಲೊರಿ ಬೇಕಾದ ಒಬ್ಬರಿಗೆ ಒಂದು ದಿನದ ತಟ್ಟೆ ಹೇಗಿರಬೇಕು ಅಂತ ಕೊಟ್ಟಿದ್ದಾರೆ. ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ 250 ಗ್ರಾಂ. ಬೇಳೆ ಕಾಳು 85 ಗ್ರಾಂ. ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ. ಹಾಲು ಅಥವಾ ಮೊಸರು 300 ಮಿ.ಲೀ. ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. 85 ಗ್ರಾಂ ಅನ್ನೋದನ್ನ ನಾಲ್ಕು ಜನಕ್ಕೆ ಗುಣಿಸಿದೆ. 340 ಗ್ರಾಂ. ಅತ್ತೆಯ ಕೈಯಳತೆಯಲ್ಲಿ ಆರು ಹಿಡಿ! ನಾವು ಹಾಕುತ್ತಿದ್ದದ್ದು ಒಂದು.

ಎರಡನೇ ಕಾರಣ ಧಾರವಾಡದ ಒಂದು ಊಟ. ಕಾಲೇಜು ಗೆಳತಿಯ ಮನೆಗೆ ಹೋಗಿದ್ದೆ. ಅವರೂ ಪಕ್ಕಾ ಸಸ್ಯಾಹಾರಿಗಳು. ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ ಒಂದು ಬಟ್ಟಲು ತುಂಬ, ಝುಣಕ, ಶೇಂಗಾ ಹಿಂಡಿ ಮೇಲೆ ಗಟ್ಟಿ ಮೊಸರು. ಇನ್ನೊಂದು ತಟ್ಟೆ ತುಂಬ ಹಸಿ ಸೊಪ್ಪು ತರಕಾರಿ ಇಟ್ಟಿದ್ದರು. ಎಳೇ ಮೆಂತ್ಯ ಸೊಪ್ಪು, ಹಕ್ಕರಿಕೆ, ಸೌತೆಕಾಯಿ, ಉಳ್ಳಾಗಡ್ಡಿ. ನಾನು ರೂಢಿಯಂತೆ ಅನ್ನದ ಪಾತ್ರೆ ಕಡೆ ನೋಡಿದೆ. ಗೆಳತಿಯ ತಾಯಿ, "ಮೊದ್ಲ ರೊಟ್ಟಿ ಪಲ್ಯ ತಿನ್ನವಾ, ಅನ್ನ ಆಮ್ಯಾಲೆ ಸ್ವಲ್ಪ ಹಾಕ್ತೀನಿ" ಅಂದರು. ಖಟಿ ರೊಟ್ಟಿ ಅಲ್ಲ, ಮೆತ್ತನೆಯದೇ, ಆದರೂ ಅಗಿಯೋಕೆ ಹೊತ್ತು ಬೇಕು. ಒಂದು ತುತ್ತು ರೊಟ್ಟಿಗೆ ಎರಡು ತುತ್ತಿನಷ್ಟು ಪಲ್ಯ, ನಡುವೆ ಒಂದು ಎಸಳು ಮೆಂತ್ಯ. ಅನ್ನ ಬರುವ ಹೊತ್ತಿಗೆ ನನಗೆ ಬೇಕಾಗಿದ್ದು ಎರಡು ಸೌಟು ಅಷ್ಟೇ. ಸಂಜೆ ಆರಾದರೂ ಹಸಿವಿರಲಿಲ್ಲ.

ಮೈಸೂರಿಗೆ ವಾಪಸ್ ಬರುವಾಗ ರೈಲಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಕಡೆ ಬಾಳೆಎಲೆಯಲ್ಲಿ ಬಡಿಸುವಾಗ ಕೋಸಂಬರಿ, ಪಲ್ಯ ಎಲ್ಲ ಎಲೆಯ ಮೇಲಿನ ಅರ್ಧದಲ್ಲಿ ಚೂರು ಚೂರು. ಒಂದೊಂದು ಚಮಚ. ಕೆಳಗಿನ ಅರ್ಧ ಪೂರ್ತಿ ಅನ್ನಕ್ಕೆ. ಸಾರಿಗೊಂದು ಸಲ, ಹುಳಿಗೊಂದು ಸಲ, ಮೊಸರಿಗೊಂದು ಸಲ ಅನ್ನ. ನಾವು ಎಲೆಯನ್ನ ತಿರುಗಿಸಬೇಕಿಲ್ಲ, ಬಡಿಸುವ ಅಳತೆ ತಿರುಗಿಸಿದರೆ ಸಾಕು ಅನ್ನಿಸಿತು. ಅದೇ ಕೋಸಂಬರಿ, ಅದೇ ಪಲ್ಯ, ಅದೇ ಹುಳಿ. ಹೊಸದಾಗಿ ಏನೂ ಕಲಿಯಬೇಕಿಲ್ಲ, ಏನನ್ನೂ ದುಬಾರಿ ಅಂಗಡಿಯಿಂದ ತರಬೇಕಿಲ್ಲ.

ಮೊದಲು ಮಾಡಿದ್ದು ಕೋಸಂಬರಿ. ರಾಮನವಮಿಗೆ, ಗೌರಿ ಹಬ್ಬಕ್ಕೆ ಮಾತ್ರ ಮಾಡುತ್ತಿದ್ದದ್ದನ್ನ ದಿನಾ ಮಾಡತೊಡಗಿದೆ. ನಾಲ್ಕು ಜನಕ್ಕೆ 100 ಗ್ರಾಂ ಹೆಸರುಬೇಳೆ, ಒಂದು ಗಂಟೆ ನೆನೆದರೆ ಸಾಕು. ಉಗುರಲ್ಲಿ ಒತ್ತಿದರೆ ಕಟ್ ಅಂತ ಮುರಿಯಬೇಕು, ಅಷ್ಟು ಹದ. ನೀರು ಪೂರ್ತಿ ಬಸಿದು ಎರಡು ಸೌತೆಕಾಯಿ ಸಣ್ಣಗೆ ಹೆಚ್ಚಿ ಹಾಕುತ್ತೇನೆ, ಒಂದು ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಒಂದೆರಡು ಚಮಚ ಕಾಯಿತುರಿ. ಒಂದೇ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ. ಉಪ್ಪು ನಿಂಬೆಹುಳಿ ಮಾತ್ರ ಬಡಿಸುವ ಐದು ನಿಮಿಷ ಮುಂಚೆ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ರುಚಿ ಸಪ್ಪೆ ಆಗುತ್ತದೆ. ಇದನ್ನ ಚಮಚದಲ್ಲಿ ಅಲ್ಲ, ಬಟ್ಟಲಲ್ಲಿ ಬಡಿಸುತ್ತೇನೆ. ಅದು ಮುಗಿದ ಮೇಲೇ ಅನ್ನದ ಪಾತ್ರೆ ಟೇಬಲ್ಲಿಗೆ ಬರುತ್ತದೆ. ಮಗ ಒಂದು ವಾರ ಗೊಣಗಿದ. ಆಮೇಲೆ ಅವನೇ ದಾಳಿಂಬೆ ಬಿಡಿಸಿ ಹಾಕೋಕೆ ಶುರು ಮಾಡಿದ.

ಸಾರಿಗೆ ಬರೀ ಬೇಳೆ ಕಟ್ಟು ಸಾಕು ಅನ್ನೋ ಲೆಕ್ಕ ಬಿಟ್ಟೆವು. ವಾರಕ್ಕೆ ಎರಡು ಸಲ ತೊವ್ವೆ. ನಮ್ಮಲ್ಲಿ ತೊವ್ವೆ ಅಂದ್ರೆ ಮದುವೆ ಊಟಕ್ಕೆ, ಇಲ್ಲ ಬಾಣಂತಿಗೆ. ಈಗ ಮಂಗಳವಾರ, ಶುಕ್ರವಾರ. ಇನ್ನೆರಡು ದಿನ ಬಸ್ಸಾರು. ಬಸ್ಸಾರಿನಂಥ ಜಾಣ ಅಡುಗೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ದಂಟಿನ ಸೊಪ್ಪು, ಹೆಸರುಕಾಳು ಅಥವಾ ಅಲಸಂದೆ ಒಟ್ಟಿಗೆ ಬೇಯಿಸಿ ಬಸಿಯಿರಿ. ಬಸಿದ ನೀರು ಸಾರಿಗೆ, ಸೊಪ್ಪು ಕಾಳು ಪಲ್ಯಕ್ಕೆ. ಏನೂ ಚೆಲ್ಲಲ್ಲ. ಮಂಡ್ಯ, ಹಾಸನದ ಮನೆಗಳಲ್ಲಿ ಆ ಪಲ್ಯ ತಟ್ಟೆಯ ಅರ್ಧ ತುಂಬಿರುತ್ತದೆ, ಪಕ್ಕದಲ್ಲಿ ಮುದ್ದೆ. ನಾವು ಮೈಸೂರಿನವರು ಸಾರು ಮಾತ್ರ ಇಷ್ಟಪಟ್ಟು ಪಲ್ಯವನ್ನ ನಂಜಿಕೊಳ್ಳೋಕೆ ಇಟ್ಟುಕೊಂಡೆವು. ಚಳಿಗಾಲದಲ್ಲಿ ಅವರೆಕಾಳು ಬಂದಾಗಂತೂ ಯೋಚನೆಯೇ ಇಲ್ಲ, ಉಪ್ಪಿಟ್ಟಿಗೂ ಅವರೆ, ಹುಳಿಗೂ ಅವರೆ, ಹಿತಕಿದ ಬೇಳೆ ಸಾರು ಬೇರೆ.

ಮುದ್ದೆ ಬಗ್ಗೆ ಒಂದು ಮಾತು. "ರಾಗಿ ತಿನ್ನಿ, ತೂಕ ಇಳಿಯುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ರಾಗಿ ಒಳ್ಳೆಯದೇ, ನೂರು ಗ್ರಾಂನಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ನಾರಿದೆ, ಹಸಿವನ್ನ ತಡೆಯುತ್ತದೆ. ಆದರೆ ಕ್ಯಾಲೊರಿ ಲೆಕ್ಕಕ್ಕೆ ಬಂದರೆ ರಾಗಿಹಿಟ್ಟಿಗೂ ಅಕ್ಕಿಗೂ ಗೋಧಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನೂರು ಗ್ರಾಂಗೆ ಎಲ್ಲವೂ 320ರಿಂದ 360ರ ಒಳಗೆ. ಅನ್ನ ಬಿಟ್ಟು ರಾತ್ರಿ ನಾಲ್ಕು ಚಪಾತಿ, ಮೇಲೆ ಎಣ್ಣೆ ಸವರಿ ತಿಂದರೆ ಇಳಿಯೋದು ಏನೂ ಇಲ್ಲ. ಒಪ್ಪತ್ತು, ಏಕಾದಶಿಯೂ ಹಾಗೇ. ಅನ್ನ ಇಲ್ಲ ಅಂತ ಅವಲಕ್ಕಿ, ಉಪ್ಪಿಟ್ಟು, ಸಾಬೂದಾನಿ ಒಂದಾದ ಮೇಲೊಂದು ತಿಂದ ದಿನಗಳಲ್ಲಿ ನಾನು ಉಳಿದ ದಿನಗಳಿಗಿಂತ ಜಾಸ್ತಿ ತಿಂದಿರುತ್ತಿದ್ದೆ. ದೇವರ ಹೆಸರಲ್ಲಿ ಮಾಡುವ ಉಪವಾಸದ ಬಗ್ಗೆ ನನಗೆ ಗೌರವ ಇದೆ, ಈಗಲೂ ಮಾಡುತ್ತೇನೆ. ಈಗ ಏಕಾದಶಿಗೆ ಹಾಲು, ಹಣ್ಣು, ಒಂದು ಹಿಡಿ ಕಡಲೆಬೀಜ. ಅತ್ತೆ ಹೇಳುವ ಪ್ರಕಾರ ಮೊದಲು ಇದ್ದದ್ದೇ ಹೀಗಂತೆ.

ಎಣ್ಣೆ ಲೆಕ್ಕ ಮಾಡೋಕೆ ತಕ್ಕಡಿಯೂ ಬೇಡ. ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ ನೋಡಿ. ಒಂದು ಲೀಟರ್ ಎಣ್ಣೆ ಅಂದ್ರೆ ಸುಮಾರು 910 ಗ್ರಾಂ. ನಮ್ಮಲ್ಲಿ ಐದು ಲೀಟರ್ ಕ್ಯಾನ್ ಒಂದು ತಿಂಗಳಿಗೆ ಮುಗಿಯುತ್ತಿತ್ತು. ನಾಲ್ಕು ಜನ, ಮೂವತ್ತು ದಿನ, ಭಾಗಿಸಿದರೆ ತಲೆಗೆ ದಿನಕ್ಕೆ 38 ಗ್ರಾಂ. ತುಪ್ಪ ಇನ್ನೂ ಸೇರಿಸಿಲ್ಲ, ಕಾಯಿ ಲೆಕ್ಕಕ್ಕೇ ಇಲ್ಲ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಈಗ ಮೂರು ಲೀಟರ್ ಎಣ್ಣೆ, ಅರ್ಧ ಕೆ.ಜಿ. ತುಪ್ಪ. ಎರಡೂ ಸೇರಿ ಸರಿಯಾಗಿ 27 ಗ್ರಾಂ ಬರುತ್ತದೆ. ತುಪ್ಪ ಬಿಡಲಿಲ್ಲ. ತೊವ್ವೆಗೆ ತುಪ್ಪ ಇಲ್ಲದೆ ಹೇಗೆ? ಒಗ್ಗರಣೆ ಸೌಟನ್ನ ಚಿಕ್ಕದು ಮಾಡಿದೆ, ಕ್ಯಾನಿನಿಂದ ನೇರ ಬಾಣಲೆಗೆ ಸುರಿಯೋದು ಬಿಟ್ಟೆ, ಅಷ್ಟರಲ್ಲೇ ಎರಡು ಲೀಟರ್ ಉಳಿಯಿತು.

ಕಾಫಿ ಸಕ್ಕರೆಯೂ ಇಂಥದ್ದೇ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ, ಅಲ್ಲಿಗೆ 40 ಗ್ರಾಂ. ಈಗ ಎರಡು ಲೋಟ, ಅರ್ಧರ್ಧ ಚಮಚ. ಡಿಕಾಕ್ಷನ್ ಗಟ್ಟಿಯಾಗಿದ್ದರೆ ಸಕ್ಕರೆ ಕಮ್ಮಿಯಾದದ್ದು ಒಂದು ತಿಂಗಳ ಮೇಲೆ ಗೊತ್ತೇ ಆಗಲ್ಲ.

ಹೇಳಲು ಸ್ವಲ್ಪ ಕಷ್ಟವಾದ ವಿಷಯ ಒಂದಿದೆ. ಪಾತ್ರೆಯ ತಳದಲ್ಲಿ ಉಳಿದ ಅನ್ನ. ಎಲ್ಲರ ಊಟ ಆದ ಮೇಲೆ ಕೊನೆಗೆ ಕೂರುವ ಹೆಂಗಸು ಅದನ್ನ ಚೆಲ್ಲಲಾರಳು. ಅನ್ನ ದೇವರು ಅಂತ ಬೆಳೆದವರು ನಾವು. ಹೊಟ್ಟೆ ತುಂಬಿದ್ದರೂ ಆ ಎರಡು ಸೌಟು ಅನ್ನಕ್ಕೆ ಮಜ್ಜಿಗೆ ಕಲಸಿ ಮುಗಿಸಿಬಿಡುತ್ತೇವೆ, ಮಗ ಬಿಟ್ಟ ಅರ್ಧ ದೋಸೆಯನ್ನೂ. ನನ್ನ ತಾಯಿ ಜೀವಮಾನ ಪೂರ್ತಿ ಹಾಗೇ ಮಾಡಿದರು. ಯಾರಿಗೂ ಲೆಕ್ಕಕ್ಕೆ ಸಿಗದ ಊಟ ಅದು. ನಾನು ಮೊದಲು ಅಕ್ಕಿಯನ್ನ ಮೂರು ಪಾವಿನಿಂದ ಎರಡಕ್ಕೆ ಇಳಿಸಿದೆ, ಉಳಿಯೋದೇ ಕಡಿಮೆಯಾಯಿತು. ಉಳಿದರೆ ಫ್ರಿಜ್ಜಿಗೆ, ಬೆಳಗ್ಗೆ ಚಿತ್ರಾನ್ನಕ್ಕೆ. ಮತ್ತೆ ಈಗ ನಾನೂ ಎಲ್ಲರ ಜೊತೆ ಕೂತು ಊಟ ಮಾಡುತ್ತೇನೆ. ಬೇಕಾದ್ದನ್ನ ಅವರವರೇ ಬಡಿಸಿಕೊಳ್ಳುತ್ತಾರೆ. ಇದಕ್ಕೆ ಮನೇಲಿ ಯಾರೂ ಬೇಡ ಅನ್ನಲಿಲ್ಲ. ಇಷ್ಟು ವರ್ಷ ನಾನೇ ಕೇಳಿರಲಿಲ್ಲ.

ದಪ್ಪ ಇರೋರಿಗೆ ಮಾತ್ರ ಇದೆಲ್ಲ ಅಂದುಕೊಳ್ಳಬೇಡಿ. ನಮ್ಮ ಅಪ್ಪ ತೆಳ್ಳಗಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಐವತ್ತಕ್ಕೇ ಸಕ್ಕರೆ ಕಾಯಿಲೆ ಬಂತು. "ಇಷ್ಟು ಸಣ್ಣಗಿದ್ದಾರೆ, ಇವರಿಗೆ ಹೇಗೆ?" ಅಂತ ಎಲ್ಲರೂ ಕೇಳೋರು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಇದನ್ನ ತೋರಿಸಿದ್ದರು. ಇಬ್ಬರ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2 ಶೇಕಡಾ. ತೂಕದ ಯಂತ್ರ ನಮ್ಮ ಬಗ್ಗೆ ಅರ್ಧ ಮಾತ್ರ ಹೇಳುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೇ ಜಾಸ್ತಿ ಅಂತ ಇಲ್ಲಿನ ವೈದ್ಯರು ಲೆಕ್ಕ ಹಿಡಿಯುತ್ತಾರೆ, ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು ಅನ್ನುತ್ತಾರೆ. ಅಪ್ಪನ ಬೆಲ್ಟಿಗೆ ಪ್ರತಿ ವರ್ಷ ಹೊಸ ತೂತು ಹಾಕಿಸುತ್ತಿದ್ದದ್ದು ನೆನಪಿದೆ. ಆ ತೂತು ತುದಿಯ ಕಡೆಗೆ ಹೋಗುತ್ತಿತ್ತು. ತೂಕ ಹಾಗೇ ಇತ್ತು. ನಮಗೆ ಯಾರಿಗೂ ಅದು ಹೊಳೆಯಲಿಲ್ಲ.

ಇನ್ನು ನಮ್ಮ ಅಕ್ಕನ ಮಗಳು. ಹಾಸ್ಟೆಲ್ಲಿನಲ್ಲಿದ್ದಾಳೆ, 160 ಸೆಂ.ಮೀ. ಎತ್ತರಕ್ಕೆ 43 ಕೆ.ಜಿ. "ಏನು ತಿಂದ್ರೂ ಮೈಗೆ ಹತ್ತಲ್ಲ ಚಿಕ್ಕಮ್ಮ" ಅಂತ ಅಳುತ್ತಿದ್ದಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಹೆಂಗಸರು ಜಾಸ್ತಿ ತೂಕದವರು, ಸುಮಾರು 17 ಜನ ಕಡಿಮೆ ತೂಕದವರು. ಎರಡೂ ಒಂದೇ ಊರಲ್ಲಿ, ಎಷ್ಟೋ ಕಡೆ ಒಂದೇ ಮನೇಲಿ. ಅವಳಿಗೂ ನಾನು ಹೇಳಿದ್ದು ಹೆಚ್ಚುಕಡಿಮೆ ಅದೇ ತಟ್ಟೆ. ಅದಕ್ಕೆ ಜೊತೆಯಾಗಿ ದಿನಾ ಎರಡು ಹಿಡಿ ಹುರಿದ ಕಡಲೆಬೀಜ, ಮೊಸರಿಗೆ ಶೇಂಗಾ ಪುಡಿ, ರಾತ್ರಿ ಮಲಗುವ ಮುಂಚೆ ಬಾಳೆಹಣ್ಣು ಹಾಲು. ಮೊದಲು ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು. ಕಬ್ಬಿಣದ ಅಂಶ ಕಡಿಮೆ ಇತ್ತು, ಮಾತ್ರೆ ಕೊಟ್ಟರು. ಆರು ತಿಂಗಳಲ್ಲಿ 47 ಆಗಿದ್ದಾಳೆ.

ಕಾಳು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರ ಆಗುತ್ತೆ ಅನ್ನೋದು ನಿಜ. ನಮ್ಮ ಅತ್ತೆಗೆ ಮೊದಲ ವಾರ ಆಯ್ತು. ಒಂದೇ ಸಲ ಒಂದು ಹಿಡಿಯಿಂದ ಆರಕ್ಕೆ ಹಾರಬಾರದು. ಹೆಸರುಬೇಳೆಯಿಂದ ಶುರು ಮಾಡಿ, ತಿಂಗಳಿಗೊಂದು ಹಿಡಿ ಏರಿಸಿಕೊಂಡು ಹೋದೆವು. ಕಡಲೆಕಾಳು, ಹುರುಳಿ, ರಾಜ್ಮಾ ರಾತ್ರಿಯೇ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸುತ್ತೇನೆ, ಇಂಗು ಶುಂಠಿ ಕೈಬಿಡದೆ ಹಾಕುತ್ತೇನೆ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನ ಕೇಳದೆ ಕಾಳು ಏರಿಸಬೇಡಿ.

ನಡಿಗೆಯನ್ನೂ ಹೇಳಬೇಕು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತೇನೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ನಂದಿ ತನಕ. ನನ್ನ ಅನುಭವದಲ್ಲಿ ನಡಿಗೆಯೊಂದರಿಂದಲೇ ತೂಕ ಇಳಿಯಲಿಲ್ಲ, 2019ಕ್ಕೂ ಮುಂಚೆ ನಾಲ್ಕು ವರ್ಷ ನಡೆದಿದ್ದೆ. ಊಟ ಸರಿಯಾದ ಮೇಲೆ ಮೆಟ್ಟಿಲು ಹತ್ತುವಾಗ ಕಾಲಲ್ಲಿ ಬಲ ಬಂತು. ಈಗ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ನಾನೇ ಎತ್ತಿ ಇಡುತ್ತೇನೆ.

ಹನ್ನೊಂದು ತಿಂಗಳಲ್ಲಿ 72 ಇದ್ದದ್ದು 63 ಆಯ್ತು. ಸೊಂಟ 96 ಇದ್ದದ್ದು 86. ಆಮೇಲಿಂದ 62, 64ರ ನಡುವೆ ನಿಂತಿದೆ, ಎರಡು ದೀಪಾವಳಿ ದಾಟಿದರೂ ಮೇಲೆ ಹೋಗಿಲ್ಲ. ಬಿಎಂಐ 23 ಆಗಬೇಕಾದರೆ 57ಕ್ಕೆ ಬರಬೇಕು, ಇನ್ನೂ ಆರು ಕೆ.ಜಿ. ಇದೆ. ಅವಸರ ಇಲ್ಲ. ಇದು ಚಾರ್ಟ್ ಅಲ್ಲ, ನಮ್ಮ ಮನೆ ಊಟ, ಇದನ್ನ ಬಿಟ್ಟು ಇನ್ನೆಲ್ಲಿಗೆ ವಾಪಸ್ ಹೋಗಲಿ?

ಮೊನ್ನೆ ನೆಂಟರು ಬಂದಿದ್ದರು. ಅಡುಗೆಮನೆಯಲ್ಲಿ ಅತ್ತೆ ಬೇಳೆ ಡಬ್ಬಿ ಮುಂದೆ ನಿಂತಿದ್ದರು. ನನ್ನನ್ನ ಕರೆದು, "ಎಂಟು ಜನಕ್ಕೆ ಹುಳಿಗೆ ಐದು ಹಿಡಿ ಹಾಕಿದೀನಿ ಕಣೇ, ಕೋಸಂಬರಿಗೆ ಬೇರೆ ನೆನೆಸಿದೀನಿ. ಅಕ್ಕಿ ನಾಲ್ಕು ಪಾವು ಸಾಕಲ್ವಾ?" ಅಂದರು.

ಸಾಕು ಅಂದೆ. ಅದರಲ್ಲೂ ಒಂದು ಬಟ್ಟಲು ಅನ್ನ ಉಳಿಯಿತು.